ಒಳಗೆಳೆದ ಹೂಂ

ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ
ಜಿಮ್ಮಾದಿಂದ ಬಂದಿದ್ದಳು ತಿಗಿಸ್ತ್, ಎಂ.ಎಸ್ಸಿ.ಗೆ.
ನಾನು ಹೇಳಿದ್ದಕ್ಕೆಲ್ಲ ಸರಕ್ಕನೆ ಉಸಿರೆಳೆದುಕೊಳ್ಳುವಳು,
ಬರಿಗಾಲಿಗೆ ಮುಳ್ಳು ಹೊಕ್ಕವಳ ಹಾಗೆ.

"ರೆಕಾರ್ಡು ಶುಕ್ರವಾರಕ್ಕೆ." ಸರಕ್.
"ಅಂಚಿಗೆ ಕೆಂಪು ಗೆರೆ, ಎರಡು ಬೆರಳು ಬಿಟ್ಟು." ಸರಕ್.
ಏನಾಯ್ತಮ್ಮ ಎಂದರೆ
ಏನಿಲ್ಲ ಸರ್ ಎಂದು ಅವಳಿಗೂ ಗಾಬರಿ.
ಹಿಂದಿನ ಬೆಂಚಿನ ಹುಡುಗರು ಮೂಗಿನಲ್ಲೇ ನಕ್ಕರು.
ದಮ್ಮಿರಬೇಕು ಎಂದುಕೊಂಡೆ. ಮಳೆಗಾಲ, ಹಾಸ್ಟೆಲಿನ ಗೋಡೆಗೆ ಬೂಷ್ಟು.
ಗೋಣಿಕೊಪ್ಪದ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ.
ಎಡಗೈಯಲ್ಲಿ ಬಲಮೊಣಕೈ ಹಿಡಿದು ಇಸಿದುಕೊಂಡಳು,
ಪ್ರಸಾದದ ಹಾಗೆ.
ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ
ಗಾಳಿ ಚೆನ್ನಾಗಿಯೇ ಆಡುತ್ತಿದೆ ಎಂದರು.

ಹೀಗೇ ಒಂದೂವರೆ ವರ್ಷ.

ಗುಟ್ಟು ಒಡೆದವಳು ನರ್ಸರಿಯ ಚಿಮ್ಮಿ.
ಇಂಗ್ಲಿಷು ಬಾರದು, ನನ್ನ ಕನ್ನಡವೂ ಅವಳಿಗೆ ಅರ್ಧಂಬರ್ಧ;
ಮಣ್ಣು ತುಂಬಿದ ಚೀಲಗಳ ನಡುವೆ ಕುಕ್ಕರುಗಾಲಲ್ಲಿ
ದಿನವಿಡೀ ಇಬ್ಬರೂ ಅದೇನು ಮಾತಾಡುತ್ತಿದ್ದರೋ.
"ಅದು ಹೂಂ ಸಾರ್.
ನಾವು ಹೊರಕ್ಕೆ ಬಿಡ್ತೀವಿ. ಈ ಕೂಸು ಒಳಕ್ಕೆ ಎಳ್ಕೊಳ್ತದೆ."

ಕಥೆಗೆ ಹೂಂಗುಟ್ಟದಿದ್ದರೆ ನನ್ನಜ್ಜಿ
ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು,
ರಾಜಕುಮಾರ ಬಾವಿಯಲ್ಲೇ ಇರಲಿ ಎಂದು.
ಈ ಹುಡುಗಿ ಮೊದಲ ದಿನದಿಂದ ಹೂಂಗುಟ್ಟುತ್ತಲೇ ಇದ್ದಳು;
ನಾನೇ ಪ್ರತಿ ಸಲ ಪಾಠ ನಿಲ್ಲಿಸಿದ್ದೆ.

ಮರುದಿನ ಕರೆದು ತಪ್ಪೊಪ್ಪಿಕೊಂಡೆ. ನಕ್ಕಳು, ಬಾಯಿಗೆ ಕೈ ಅಡ್ಡ.
ಹಾಗಾದರೆ ಸರ್, ಇದು? ಎಂದು
ತಲೆಯನ್ನು ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ತೂಗಿದಳು,
ಥೇಟ್ ನನ್ನ ಹಾಗೆಯೇ, ಕಣ್ಣು ಅರೆ ಮುಚ್ಚಿ.
ಅದೂ ಹೌದೇ ಅಮ್ಮ. ಆಗಲಿ, ಮಾಡು, ಅಂತ.

ನಗು ನಿಂತಿತು.
ಮೇಜಿನ ಮೇಲೆ ಅವಳ ಪ್ರಬಂಧ. ಬಿದಿರಿನ ಬಗ್ಗೆ.
ನೂರ ಹದಿನಾಲ್ಕು ಪುಟ, ಹೊಲಿದು, ಅಂಟೂ ಆರಿತ್ತು.
ಹೋದ ಜುಲೈಯಲ್ಲಿ ಕೇಳಿದ್ದೆ, ಎಂದಳು ಮೆಲ್ಲಗೆ,
ಕಾಫಿಯ ನೆರಳುಮರಗಳ ಮೇಲೆ ಮಾಡಲೇ ಎಂದು.
ನಮ್ಮಲ್ಲಿ ಕಾಫಿ ಕಾಡಿನೊಳಗೇ ಇರುತ್ತದೆ ಸರ್,
ನಾನು ಬಂದದ್ದೇ ಅದಕ್ಕೆ.
ನೀವು ತಲೆ ಆಡಿಸಿದಿರಿ.

ಹುಡುಗಿ ಮನಸ್ಸು ಬದಲಿಸಿದಳು ಎಂದುಕೊಂಡಿದ್ದೆ.

ಹೊರಗೆ ಚಿಮ್ಮಿ ಸಸಿಗಳಿಗೆ ನೀರು ಹಾಕುತ್ತಿದ್ದಳು.
ಏನಾದರೂ ಹೇಳೋಣವೆಂದು ಬಾಯಿ ತೆರೆದೆ;
ಸರಕ್ಕನೆ ಉಸಿರು ಒಳಕ್ಕೆ ಹೋಯಿತು.

ಅವಳು ತಲೆಯಾಡಿಸಿದಳು.
ನಮ್ಮ ಹಾಗೋ, ಅವರ ಹಾಗೋ, ತಿಳಿಯಲಿಲ್ಲ.