ಒಂಟಿಗಳೆ ಏಣಿ

ಮೆಣಸು ಕುಯ್ಯುವ ಏಣಿಗೆ ಒಂದೇ ಕಾಲು.
ಗೆಣ್ಣಿಗೊಂದು ಕವಲು ಉಳಿಸಿ ಕಡಿದ ಬಿದಿರು,
ಹೆಬ್ಬೆರಳು ಊರುವಷ್ಟೇ ಜಾಗ.

ಚೇರಂಬಾಣೆಯ ಇಳಿಜಾರಿನಲ್ಲಿ ಒಂದು ಮಾರ್ಚಿನ ಮಧ್ಯಾಹ್ನ
ನಮ್ಮಪ್ಪ ಬೆಳ್ಯಪ್ಪ
ಮೂರು ಸಿಲ್ವರ್ ಓಕಿಗೆ ಮೂವರನ್ನು ಹತ್ತಿಸಿದ.
ದಮಯಕ್ಕನಿಗೆ ಹನ್ನೆರಡು, ಜೋಯಣ್ಣನಿಗೆ ಹತ್ತು,
ನನಗೆ ಎಂಟು ತುಂಬಿರಲಿಲ್ಲ.
ಇದ್ದದ್ದು ಒಂದೇ ಏಣಿ.
ಒಬ್ಬರನ್ನು ಹತ್ತಿಸಿ, ಕಿತ್ತು, ಮುಂದಿನ ಮರಕ್ಕೆ.
ಕೊನೆಗೆ ನನ್ನ ಮರದಿಂದಲೂ ಕಿತ್ತು
ನೆಲದ ಮೇಲೆ ಮಲಗಿಸಿದ.

'ಏಣಿ ಯಾವತ್ತೂ ಇರುವುದಿಲ್ಲ, ಇಳಿಯಿರಿ.
ಬಳ್ಳಿ ಹರಿದರೆ ತೊಗಲು ಸುಲಿಯುತ್ತೇನೆ.'

ಅಕ್ಕ ಜಾರಿದಳು. ಲಂಗ ಹರಿಯಿತು, ಎದೆ ತರಚಿತು,
ಬಳ್ಳಿಯ ಒಂದು ಎಲೆಯೂ ಉದುರಲಿಲ್ಲ.
ಅಣ್ಣ ಮರವನ್ನು ತಬ್ಬಿಕೊಂಡವನು ತಬ್ಬಿಕೊಂಡೇ ಇದ್ದ.
ಚಗಳಿ ಇರುವೆ ಕಿವಿಯೊಳಗೆ ಹೋದರೂ ಕೈ ಬಿಡಲಿಲ್ಲ.
ಚಡ್ಡಿ ಒದ್ದೆಯಾಗಿತ್ತು.
ಹೊತ್ತು ಮುಳುಗುವಾಗ ಲೈನುಮನೆಯ ಮುತ್ತ ಬಂದು
ಮಗುವನ್ನು ಎತ್ತುವಂತೆ ಅವನನ್ನು ಬೆನ್ನಿಗೆ ಹಾಕಿಕೊಂಡು ಇಳಿಸಿದ.
ನಾನು ಹೇಗೆ ಇಳಿದೆ?
ಅದೊಂದು ನನಗೆ ನೆನಪಿಲ್ಲ.
ಮರದ ಮೇಲಿದ್ದೆ. ಆಮೇಲೆ ಅಡುಗೆಮನೆಯಲ್ಲಿದ್ದೆ,
ಅವ್ವ ಗಂಜಿಗೆ ಉಪ್ಪು ಹಾಕುತ್ತಿದ್ದಳು.

ಅಕ್ಕ ಈಗ ವಿದ್ಯುತ್ ಇಲಾಖೆಯಲ್ಲಿ.
ಹೆಂಗಸಾದರೂ ಹುದ್ದೆಯ ಹೆಸರು ಪವರ್‌ಮ್ಯಾನ್.
ಜುಲೈನಲ್ಲಿ ಮರ ಬಿದ್ದು ನಾಪೋಕ್ಲು ಕತ್ತಲಾದರೆ
ಕಂಬ ಹತ್ತುವವಳು ಅವಳು.
'ಅಪ್ಪ ಕಲಿಸಿದ್ದು' ಅನ್ನುತ್ತಾಳೆ, ಹಲ್ಲಿನಲ್ಲಿ ವೈರು ಕಚ್ಚಿಕೊಂಡು.
ನಿಜ. ಆದರೆ ಭಾವ ತೀರಿದ ದಿನ
ನಾನು ಚಾಚಿದ ಕೈಯನ್ನು ನೋಡಿ ಅವಳು ಕೇಳಿದಳು,
'ಏನು ಬೇಕಿತ್ತು?'

ಅಣ್ಣನದು ರೇಷನ್ ಅಂಗಡಿ.
ಮೇಲಿನ ಅಟ್ಟದ ಡಬ್ಬಿ ಬೇಕಾದರೆ
ಗಿರಾಕಿಯೇ ಸ್ಟೂಲು ಹತ್ತಬೇಕು.
ಊರು ನಗುತ್ತದೆ, ಅವನೂ ನಗುತ್ತಾನೆ.
ಮಹಡಿ ಇಲ್ಲದ ಮನೆ ಕಟ್ಟಿಸಿದ,
ಹೊಸ್ತಿಲೂ ಇಲ್ಲ.

ಆ ಮಧ್ಯಾಹ್ನ ಅಪ್ಪ ಎಲ್ಲಿದ್ದ ಎಂದು
ನಮ್ಮೊಳಗೆ ಇನ್ನೂ ಜಗಳ.
ಮರದ ಬುಡದಲ್ಲೇ ತೋಳು ಚಾಚಿ ನಿಂತಿದ್ದ, ಅಕ್ಕ.
ಬೀಡಿ ಸೇದಲು ಹೊರಟುಹೋಗಿದ್ದ, ಅಣ್ಣ.
ನನ್ನ ಮರ ಎತ್ತರದ್ದು, ನನಗೆ ಎರಡೂ ಕಂಡಿತ್ತು:
ಹೋದ. ಬೇಲಿಯ ಬಳಿ ಕುಕ್ಕರಗಾಲಲ್ಲಿ ಕೂತ.
ಕಡ್ಡಿ ಗೀರಿದ, ಆರಿತು.
ಇನ್ನೊಂದು, ಅದೂ ಆರಿತು.
ಗಾಳಿಯೇ ಇರಲಿಲ್ಲ ಅವತ್ತು.

ಇದನ್ನು ನಾನು ಅವರಿಬ್ಬರಿಗೂ ಹೇಳಿಲ್ಲ.
ಹೇಳಿದರೆ ಅವನನ್ನು ಬಿಟ್ಟುಕೊಟ್ಟಂತೆಯೋ,
ಬಿಡಿಸಿಕೊಂಡಂತೆಯೋ, ಗೊತ್ತಾಗುವುದಿಲ್ಲ.

ಹೋದ ವರ್ಷ ಅಪ್ಪನ ಸೊಂಟದ ಮೂಳೆ ಮುರಿಯಿತು,
ಬಚ್ಚಲಲ್ಲಿ, ಒಂದು ಗೇಣು ಎತ್ತರದ ಕಲ್ಲಿನಿಂದ.
ಅಣ್ಣನ ಹೊಸ್ತಿಲಿಲ್ಲದ ಮನೆಯೇ ಅವನಿಗೆ ಅನುಕೂಲವಾಯಿತು.
ದಿನಾ ಬೆಳಿಗ್ಗೆ ಅಣ್ಣ ಅವನನ್ನು ಮಂಚದಿಂದ ಎಬ್ಬಿಸುತ್ತಾನೆ,
ಕಂಕುಳಿಗೆ ಕೈ ಕೊಟ್ಟು, ಸ್ವಲ್ಪವೂ ಅವಸರವಿಲ್ಲದೆ.
'ಕೈ ಬುಡ್ಬೇಡ' ಅನ್ನುತ್ತಾನೆ ಅಪ್ಪ.
ಅಣ್ಣ ಬಿಡುವುದಿಲ್ಲ.
ಇದು ಯಾರು ಕಲಿಸಿದ ಬಲ?
ಇರುವೆ ಕಿವಿಗೆ ಹೊಕ್ಕಾಗಲೂ ಬಿಡದ ಅದೇ ಕೈ,
ಅದೇ ಹೆದರಿಕೆಯೂ ಇರಬಹುದು.

ಒಂದು ಸಂಜೆ ಕೇಳಿಯೇಬಿಟ್ಟೆ:
'ಅಪ್ಪಾ, ಆವತ್ತು ಏಣಿ ಯಾಕೆ ತೆಗೆದೆ?'
'ಯಾವ ಏಣಿ?' ಅಂದ.
ಮರೆತಿದ್ದನೋ, ಮರೆತಂತೆ ಇದ್ದನೋ.
ಸ್ವಲ್ಪ ಹೊತ್ತು ಬಿಟ್ಟು, ಬೇರೆ ಯಾವುದಕ್ಕೋ ಎಂಬಂತೆ,
'ಮುತ್ತ ಒಳ್ಳೆಯವ' ಅಂದ.

ಮೊನ್ನೆ ನನ್ನ ಮಗ ಸೀಬೆಮರ ಹತ್ತಿ
ಇಳಿಯಲಾರದೆ ಕೂಗಿದ.
ಶಾಲೆಯಿಂದ ಆಗಷ್ಟೇ ಬಂದಿದ್ದೆ, ಬೆರಳಲ್ಲಿ ಸೀಮೆಸುಣ್ಣ.
ಹಿತ್ತಿಲಿನ ಏಣಿ ತಂದೆ. ಎರಡು ಕಾಲಿನ ಒಳ್ಳೆಯ ಏಣಿ.
ತಂದವಳು ಮರಕ್ಕೆ ಆನಿಸಲಿಲ್ಲ.
ಎಷ್ಟು ಹೊತ್ತು ಹಾಗೆ ನಿಂತೆನೋ ಕಾಣೆ,
ಅವನ ಕಾಲು ನಡುಗುವುದು ಕಾಣುತ್ತಿತ್ತು,
ಇನ್ನೇನು ತಾನೇ ಇಳಿದಾನು ಅನ್ನಿಸುತ್ತಿತ್ತು.

ಆಮೇಲೆ ಆನಿಸಿದೆ.

ಇಳಿದು ಬಂದವನು ಮೊಣಕೈ ಒರೆಸಿಕೊಳ್ಳುತ್ತಾ ಕೇಳಿದ:
'ಏಣಿ ಕೈಯಲ್ಲೇ ಇತ್ತಲ್ಲಮ್ಮ,
ಮತ್ತೆ ಯಾಕೆ ಅಷ್ಟು ಹೊತ್ತು?'