ಹಿಂದಿನ ಮನೆಯ ಮೀಟರು

ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿದರೆ
ನೂರಕ್ಕೆ ಐದು ಬಿಡುತ್ತಾರೆ ಪುರಸಭೆಯವರು.
ಆ ಐದರ ಆಸೆಗೆ ನಿಂತಿದ್ದೇನೆ ಸಾಲಿನಲ್ಲಿ
ಅರ್ಧ ವಿರಾಜಪೇಟೆಯ ಬೆನ್ನ ಹಿಂದೆ.
ಕಿಟಕಿಯಾಚೆಯ ಹುಡುಗಿ ತಲೆ ಎತ್ತದೆ ಕೇಳುತ್ತಾಳೆ:
"ಮನೆ ಒಂದಾ, ಎರಡಾ?"

ಏನು ಹೇಳಲಿ?
ಸೂರು ಒಂದು, ನಡುವೆ ಗೋಡೆ, ಬಾಗಿಲು ಎರಡು.
ಖಾತೆ ಒಂದು, ನಂಬರು ಎರಡು:
ಹದಿನೇಳು, ಹದಿನೇಳು ಬಾರ್ ಒಂದು.
ಕರೆಂಟಿನ ಮೀಟರು ಎರಡು, ನಲ್ಲಿ ಒಂದೇ.
ನೆಲದಡಿಯ ಗುಂಡಿಯೂ ಒಂದೇ,
ಅದಕ್ಕೆ ಮುಂದಿನವರು ಹಿಂದಿನವರು ಅಂತ ಭೇದವಿಲ್ಲ.

ಹಿಂದಿನ ಮನೆ ಮುಂದಿನದನ್ನು ಸಾಕುತ್ತದೆ ಅಂದಿದ್ದರು ಇವರು.
ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತು ವರ್ಷ ಕಾಫಿ ಮೂಟೆ ತೂಗಿದವರು,
ತೂಕದಲ್ಲಿ ತಪ್ಪಿದವರಲ್ಲ.
ಮನೆಗೇ ಹಸಿವಾಗುತ್ತದೆ ಎಂಬುದೊಂದನ್ನು
ತಕ್ಕಡಿಗೆ ಹಾಕಲು ಮರೆತಿದ್ದರು.

ಚಲನ್ನಿನ ಸಣ್ಣಕ್ಷರ ಓದುತ್ತೇನೆ:
ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ.
ಎರಡು ಬಾಗಿಲಿನ ಲೆಕ್ಕದಲ್ಲಿ ನಾನು
ಭಿಕ್ಷುಕರಿಗೆ ಎರಡು ಪಾಲು ಕೊಟ್ಟ ದಾನಿ,
ಎರಡು ಪಾಲು ಪುಸ್ತಕ ಕೊಂಡು ಒಂದೂ ಓದದವಳು.
ಕಸದ ಗಾಡಿಗೂ ಎರಡು ಶುಲ್ಕ.
ಅವಳ ಮೀನಿನ ಮುಳ್ಳು, ನನ್ನ ಹಲಸಿನ ಸಿಪ್ಪೆ
ಒಂದೇ ಬಕೆಟ್ಟಿನಲ್ಲಿ ಹೋಗುತ್ತಿತ್ತು.

ಅವಳೆಂದರೆ ಜೆಸಿಂತಾ, ಕಾರ್ಕಳ ಕಡೆಯವಳು,
ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ.
ಮೊದಲ ವರ್ಷ ಕಕ್ಕಡ ಹದಿನೆಂಟಕ್ಕೆ
ಒಂದು ಬಟ್ಟಲು ಮದ್ದುಪಾಯಸ ಕೊಟ್ಟಿದ್ದೆ.
ಮರುದಿನ ಓಡಿ ಬಂದಳು ಗಾಬರಿಯಲ್ಲಿ,
"ಅಕ್ಕಾ, ಮೂತ್ರ ಕೆಂಪಾಗಿದೆ, ಟೆಸ್ಟಿಗೆ ಕೊಡಲಾ?"
ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ.
ನರ್ಸಮ್ಮನಿಗೇ ನಾನು ಡಾಕ್ಟರು ಅವತ್ತು.

ಮೋಟಾರಿನ ಕರೆಂಟು ನನ್ನ ಮೀಟರಿನದು,
ನೀರು ಇಬ್ಬರದೂ.
ನಾನು ಬಾಯಿಬಿಟ್ಟು ಕೇಳಿದವಳಲ್ಲ.
ಆದರೂ ಒಂದನೇ ತಾರೀಖು ಕಿಟಕಿಯಲ್ಲಿ ನೂರರ ನೋಟು,
ಔಷಧಿ ಚೀಟಿಯಲ್ಲಿ ಸುತ್ತಿ, ಮೇಲೆ 'ಮೋಟಾರ್' ಅಂತ ಬರೆದು.

ಕೆಟ್ಟದ್ದು ಗುಂಡಿಯಿಂದ.
ಗೋಣಿಕೊಪ್ಪದಿಂದ ಟ್ಯಾಂಕರು ಬಂತು, ನಾಲ್ಕು ಸಾವಿರ.
ಅರ್ಧ ಕೊಡು ಅಂದೆ.
"ನಾನೊಬ್ಬಳು, ನೀವು ನಾಲ್ವರು,
ತಲೆ ಲೆಕ್ಕ ಹಾಕಿ ಅಕ್ಕಾ" ಅಂದಳು.
ಬಾಗಿಲ ಲೆಕ್ಕ ಅಂದೆ ನಾನು.
ಪುರಸಭೆಯ ಬಾಯಿ ಬಂದಿತ್ತು ನನಗೆ.
ಜನವರಿಯಲ್ಲಿ ಎರಡು ಸಾವಿರ ಎಣಿಸಿಟ್ಟು
ಆಟೋದಲ್ಲಿ ಪೆಟ್ಟಿಗೆ ಹತ್ತಿಸಿದಳು.

ಅವಳಿದ್ದು, ಗೀಸರು ಉರಿದು, ಫ್ಯಾನು ತಿರುಗಿದಾಗ
ಗೃಹಜ್ಯೋತಿ, ಬಿಲ್ಲು ಸೊನ್ನೆ.
ಈಗ ಯಾರೂ ಇಲ್ಲ, ಯೂನಿಟ್ಟು ಸೊನ್ನೆ,
ಬಿಲ್ಲು ಬರುತ್ತದೆ. ನಿಗದಿತ ಶುಲ್ಕವಂತೆ.
ಯಾರೂ ಇಲ್ಲದಿರುವುದಕ್ಕೂ ಒಂದು ದರವಿದೆ.

ಮಾರ್ಚಿನ ಬಿಲ್ಲಿನಲ್ಲಿ ಮಾತ್ರ: ಒಂದು ಯೂನಿಟ್.
"ನಲವತ್ತರ ಬಲ್ಬು ಇಪ್ಪತ್ತೈದು ಗಂಟೆ ಉರಿಯಬೇಕು,
ಎಲ್ಲೋ ಲೀಕಾಗುತ್ತಿದೆ" ಅಂತ ಇವರು ಟೆಸ್ಟರು ಹಿಡಿದು ಹುಡುಕಿದರು.
ನಾನು ಸುಮ್ಮನಿದ್ದೆ.

ಗುಡಿಸಲು ಹೋದವಳು ದೀಪ ಹಾಕಿ ಕೂತಿದ್ದೆ, ಒಂದು ದಿನವಲ್ಲ.
ಅವಳ ಮಂಚವಿದ್ದ ಜಾಗ, ಗೋಡೆಯಲ್ಲಿ ಅವಳ ತಲೆಯ ಎಣ್ಣೆ ಗುರುತು.
ಬೆಳಗ್ಗೆ ಒಂಬತ್ತು.
ಆಚೆ ಇವರು ಮೋಟಾರು ಹಾಕಿದರು.
ಗೋಡೆ ನಡುಗಿತು. ನೆಲ ನಡುಗಿತು. ನನ್ನ ಹಲ್ಲು ನಡುಗಿತು.
ಎಂಟಕ್ಕೆ ಡ್ಯೂಟಿ ಮುಗಿಸಿ ಬಂದು
ಆಗಷ್ಟೇ ಕಣ್ಣು ಮುಚ್ಚುತ್ತಿದ್ದಳು ಅವಳು.
ನಾಲ್ಕು ವರ್ಷ.
ಅದಕ್ಕೇ ತಿಂಗಳಿಗೆ ನೂರು ಕೊಟ್ಟಿದ್ದಳು.

"ಹೇಳಿ ಆಂಟಿ, ಒಂದಾ, ಎರಡಾ?"
ಎರಡು, ಅಂದೆ.
ಬಿಟ್ಟ ಹಣ ನೂರ ಎಂಬತ್ತೆರಡು ರೂಪಾಯಿ.
ರಸೀದಿ ಮಡಚಿ ಕುಪ್ಪಸದೊಳಗಿಟ್ಟೆ.

ಈಗ ಮೋಟಾರು ಸಂಜೆ ಹಾಕುತ್ತೇವೆ.
ಯಾಕೆ ಅಂತ ಇವರು ಕೇಳಿಲ್ಲ.
ಹಿಂದಿನ ಮನೆ ಇನ್ನೂ ಖಾಲಿ.