ಅಳತಿ ಪುಸ್ತಕದಾಗಿನ ಗಿಡ

ಸಿಮೆಂಟ್ ಕಾರ್ಖಾನಿ ಮ್ಯಾನೇಜರ ಹೆಂಡ್ತಿ
ವರ್ಗಾ ಆಗಿ ಹೋಗೋ ದಿನ
ಮೂರು ಜಂಪರು ಒಯ್ಯಾಕ ಬಂದಾಕಿ
ಇದನ್ನ ನನ್ನ ಹೊಲಿಗಿ ಮಷಿನ್ ಮ್ಯಾಲೆ ಇಟ್ಟು ಹ್ವಾದ್ಲು.
"ಹೂವೆಲ್ಲಾ ಉದುರ್ಯಾವ ದಾವಲಬಿ,
ಬ್ಯಾಡಂದ್ರ ಒಗದುಬಿಡು."

ಐದು ಎಲಿ, ದನದ ನಾಲಿಗಿಯಂಥವು. ಒಂದು ಒಣಾ ಕಡ್ಡಿ.
ಒಳಗಿಂದೆಲ್ಲಾ ಕಾಣೂ ಪ್ಲಾಸ್ಟಿಕ್ ಡಬ್ಬಿ,
ಅದರಾಗ ತೊಗಟಿ ಚೂರು, ಇದ್ದಲಿ.
ಡಬ್ಬಿ ದಾಟಿ ಗಾಳಿಗೆ ಚಾಚಿದ ಬೇರು,
ಸುಣ್ಣ ಬಡದ ಹುರಿ ಹಂಗ.

ಬಡವೀನ ಇದು ಅಂತ ಒಂದು ಬುಟ್ಟಿ ಎರಿಮಣ್ಣು ತರಿಸಿದ್ದೆ.
ನರ್ಸರಿ ಮುರಿಗೆಪ್ಪ ಹಣಿ ಬಡಕೊಂಡ:
"ಮಣ್ಣು ಹಾಕಿದ್ರ ಉಸರು ಕಟ್ಟಿ ಸಾಯತೈತಿ.
ಮರದ ಟೊಂಗಿ ಮ್ಯಾಲೆ ಕುಂತು ಬೆಳ್ಯೂ ಜಾತಿ, ತಾಯಿ."

ಅದನ್ನ ಕೇಳಿ ಬಾಜೂಮನಿ ಗುರುಸಿದ್ದವ್ವ ಅಂದ್ಲು:
"ನೋಡಬೇ, ನಮ್ಮಂಗನ ಐತಿ.
ಹಳೇ ಊರು ನೀರಾಗ ಹೋತು,
ನವನಗರದಾಗ ಸೆಕ್ಟರ್ ನಂಬರ್ ಹಚಗೊಂಡು
ಬೇರು ಗಾಳ್ಯಾಗ ಬಿಟಗೊಂಡು ಕುಂತೇವಿ."

ನಾ ಸುಮ್ನಿದ್ದೆ.
ತುಂಡಿಗೆ ತುಂಡು ಕೂಡ್ಸಿ ಹೊಲ್ಯಾಕಿ ನಾನು,
ಖರೆ, ಎಲ್ಲಾದಕ್ಕೂ ಎಲ್ಲಾದನ್ನೂ ಕೂಡ್ಸಾಕ ಬರೂದಿಲ್ಲ.
ಗುರುಸಿದ್ದವ್ವನ ದುಃಖ ಗುರುಸಿದ್ದವ್ವಂದು.
ಗಿಡಕ್ಕ ಬೇಕಾಗಿದ್ದು ಕಿಡಕಿ ಬೆಳಕು,
ಅದೂ ಪರದೆ ಹಾದು ಬಂದಿದ್ದು.

ಬೋರಿನ ನೀರಿಗೆ ಎಲಿ ಮ್ಯಾಲೆ ಉಪ್ಪಿನ ಕಲಿ ಕುಂತ್ವು.
ಆಚಿ ಅಂಗಡಿ ಸ್ಕ್ಯಾನಿಂಗ್ ಸೆಂಟರಿನ
ಎಸಿ ಪೈಪಿಗೆ ತಂಬಿಗಿ ಹಚ್ಚಿದೆ.
ಹೊಟ್ಟ್ಯಾಗಿನ ಕೂಸು ನೋಡೂ ಖೋಲಿ
ತಂಪಾದಾಗ ತೊಟ್ಟಿಕ್ಕೂ ನೀರು.
ಶುಕ್ರವಾರಕ್ಕೊಮ್ಮೆ ಅದ್ದಿ, ಎತ್ತಿ, ಬಸೀತಿದ್ದೆ.
ಬೇರು ಹಸರಾದ್ರ ಸಾಕು ಅಂದಂಗ,
ಬೆಳ್ಳಗಾದ್ರ ಬೇಡಿದಂಗ.

ಎರಡು ಬ್ಯಾಸಿಗಿ ಹ್ವಾದ್ವು, ಹಸೀ ಗೋಣಿಚೀಲದ ಹಿಂದ.
ಎಲಿ ಏಳಾದ್ವು. ಹೂವಿನ ಸುದ್ದಿ ಇಲ್ಲ.
"ಭಾಳ ಬೆಚ್ಚಗ ಇಟ್ಟೀದಿ," ಅಂದ ಮುರಿಗೆಪ್ಪ,
"ರಾತ್ರಿ ಒಂದೀಟು ಚಳಿ ಹತ್ತಬೇಕು ಅದಕ್ಕ."

ಡಿಸೆಂಬರಿನಾಗ ಇಪ್ಪತ್ತು ರಾತ್ರಿ
ಹದಿನೇಳು ಪಾವಟಿಗಿ ಮ್ಯಾಲೆ, ನೀರಿನ ಟಾಕಿ ಬುಡಕ್ಕ.
ನಸಿಕಿನ್ಯಾಗ ಮತ್ತ ಹದಿನೇಳು ಕೆಳಗ.
ನಮ್ಮನಿಯವ್ರು ದುಪ್ಪಟಿ ಒಳಗಿಂದನ ನಕ್ಕರು:
"ಮಂದಿ ಕೌದಿ ಹೊಚ್ಚಿ ಮಲಗಸ್ತಾರ,
ನೀ ಚಳಿ ಹೊಚ್ಚಿ ಬರತಿ."

ಸಂಕ್ರಮಣದ ಮುಂದ
ಎಲಿ ಸಂದ್ಯಾಗ ಒಂದು ಹಸರು ಚುಕ್ಕಿ.
ಬೇರೋ, ಹೂದಂಟೋ?
ಬೇರಾದ್ರ ತುದಿ ದುಂಡಗ, ನನ್ನ ಅಂಗುಸ್ತಾನದಂಗ.
ದಂಟಾದ್ರ ಒಂದು ಕಡೆ ಚುಂಚು.
ಕನ್ನಡಕ ಒರಸಿ ಒರಸಿ ನೋಡಿದೆ.
ಹತ್ತು ದಿನ ಅದೂ ಹೇಳಲಿಲ್ಲ,
ನಾನೂ ಯಾರಿಗೂ ಹೇಳಲಿಲ್ಲ.

ಆಮ್ಯಾಲೆ ಅಳತಿ ಪುಸ್ತಕದಾಗ ಬರಕೋತ ಹ್ವಾದೆ:
*ಕಾಶವ್ವ, ಎದಿ ಮೂವತ್ತಾರು, ತೋಳು ಹತ್ತು.
ದಂಟು, ಎರಡೂವರಿ.
ಬ್ಯಾಂಕಿನ ಮೇಡಂ, ಕೊಳ್ಳು ಯು ಆಕಾರ, ಅಸ್ತರ ಬ್ಯಾರೆ.
ದಂಟು, ಆರು.
ದಂಟು, ಹನ್ನೊಂದು. ಮೊಗ್ಗು ನಾಕು.*
ಸ್ವೆಟರ್ ಹೆಣಿಯೂ ಕಡ್ಡಿ ಚುಚ್ಚಿ
ಹಸರು ದಾರದ್ಲೆ ಸಡ್ಲಗ ಕಟ್ಟಿದೆ.
ಬೆಳಕು ಈ ಕಡೆನೂ ಬೀಳ್ಲಿ ಅಂತ ಡಬ್ಬಿ ತಿರುವಿದೆ.
ತಪ್ಪು ಮಾಡ್ದೆ. ಒಂದು ಮೊಗ್ಗು ಹಳದ್ಯಾಗಿ ಬಿತ್ತು.
*ಮೊಗ್ಗು ಮೂರು.*

ಬಣ್ಣ ಯಾವುದು ಗೊತ್ತಿಲ್ಲ.
ಬಂದಾಗ ಹೂವಿರಲಿಲ್ಲ, ಆಕಿ ಹೇಳಲಿಲ್ಲ, ನಾ ಕೇಳಲಿಲ್ಲ.
ಮ್ವಾನ್ನೆ ಫೋನ್ ಬಂದಿತ್ತು, ಹಳೇ ಅಳತಿ ಕೇಳಾಕ.
ಓದಿ ಹೇಳಿದೆ. ಅದರ ಕೆಳಗಿನ ಸಾಲು ಓದಲಿಲ್ಲ.

ದಾರದ ಉಂಡಿ ಒಂದೊಂದ ತಂದು
ಮೊಗ್ಗಿನ ಬಾಜೂಕ ಹಿಡದು ನೋಡ್ತೀನಿ.
ಬದನಿ, ಬಿಳೆ, ರಾಣಿ.
ನಾಳೆ ಒಡದೀತು, ನಾಡದು ಒಡದೀತು.

ಬಿಸಲು ಬೀಳಬಾರದಂತ ಶಟರ್ ಅರ್ಧಾ ಇಳಿಸೀನಿ.
ಅಂಗಡಿ ತೆರದ ಐತ್ರಿ.
ಒಂದೀಟು ಬಾಗಿ ಒಳಗ ಬರ್ರಿ.